ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳನ್ನು ಕಂಡಿದ್ದವೇ?

ಪ್ರಶ್ನೆ – ನಕ್ಷತ್ರಪ್ರಿಯೆ

ಮಂಗಳದ ಮಣ್ಣಿಗೆ ಆಹಾರ ಕೊಟ್ಟು, ಅದರಲ್ಲಿ ಉಣ್ಣುವ ಜೀವಿಗಳು ಇವೆಯೇ ಎಂದು ಆ ಗ್ರಹದ ನೆಲದ ಮೇಲೆಯೇ ಪರೀಕ್ಷಿಸಿದ್ದು ಇದುವರೆಗೆ ಅಮೆರಿಕದ ಎರಡು ವೈಕಿಂಗ್ ನೌಕೆಗಳು ಮಾತ್ರ. ಮೊದಲನೆಯದು 1976ರ ಜುಲೈ 20ರಂದು ಕ್ರೈಸ್ ಬಯಲಿನಲ್ಲಿಯೂ ಎರಡನೆಯದು ಅದೇ ವರ್ಷದ ಸೆಪ್ಟೆಂಬರ್ 3ರಂದು ಯುಟೋಪಿಯಾ ಬಯಲಿನಲ್ಲಿಯೂ ಇಳಿದವು. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ವಿದ್ಯಾರ್ಥಿಗಳ ಕೈಗೆ ಸಿಗುವ ಬರಹಗಳಲ್ಲಿ ಈ ಕಥೆಯೆಲ್ಲ "ಹುಡುಕಿದರು, ಸಿಗಲಿಲ್ಲ" ಎಂಬಷ್ಟಕ್ಕೇ ಮುಗಿದುಹೋಗುತ್ತದೆ. ಆದರೆ ಆ ಪ್ರಯೋಗಗಳಲ್ಲಿ ಒಂದನ್ನು ರೂಪಿಸಿದ ಗಿಲ್ಬರ್ಟ್ ಲೆವಿನ್ ಅವರು 2021ರಲ್ಲಿ ತೀರಿಕೊಳ್ಳುವವರೆಗೂ, ತಮ್ಮ ಉಪಕರಣ ಪತ್ತೆಹಚ್ಚಿದ್ದು ಜೀವವನ್ನೇ ಎಂದು ವಾದಿಸುತ್ತಲೇ ಇದ್ದರು.

ಅವರ ವಾದವನ್ನು ಸುಲಭವಾಗಿ ತಳ್ಳಿಹಾಕುವುದು ನನಗೆ ಸಾಧ್ಯವಾಗುತ್ತಿಲ್ಲ. ಸಹಜ ಸ್ಥಿತಿಯ ಮಣ್ಣು ಅನಿಲ ಬಿಡಬೇಕು, ಚೆನ್ನಾಗಿ ಕಾಯಿಸಿದ ಮಣ್ಣು ಸುಮ್ಮನಿರಬೇಕು. ಹೀಗಾದರೆ ಜೀವ ಇದೆಯೆಂದು ಅರ್ಥ ಎಂಬುದು ನೌಕೆಗಳು ಹೊರಡುವ ಮೊದಲೇ ನಿಗದಿಯಾಗಿದ್ದ ಒರೆಗಲ್ಲು. ಎರಡೂ ತಾಣಗಳಲ್ಲಿ ಆದದ್ದೂ ಹಾಗೆಯೇ. ಫಲಿತಾಂಶ ಬಂದ ಮೇಲೆ ಒರೆಗಲ್ಲನ್ನೇ ಬದಲಿಸಿದಂತೆ ಕಾಣುವ, ಜೀವ ಸಿಗಲಿಲ್ಲ ಎಂಬ ಈ ನಿಲುವಿಗೆ ಏನು ಸಮರ್ಥನೆ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಮಣ್ಣುಪರೀಕ್ಷಕ

ಮೇಡಂ, ಪ್ರಯೋಗ ನಡೆದ ರೀತಿಯನ್ನು ಮೊದಲು ನೋಡೋಣ. ಲೆವಿನ್ ಮತ್ತು ಅವರ ಸಹೋದ್ಯೋಗಿ ಪೆಟ್ರೀಷಿಯಾ ಸ್ಟ್ರಾಟ್ ಅವರು ಫಾರ್ಮೇಟ್, ಗ್ಲೈಸೀನ್, ಲ್ಯಾಕ್ಟೇಟ್ ಮುಂತಾದ ಸರಳ ಪೋಷಕಗಳ ದ್ರಾವಣವೊಂದನ್ನು ಸಿದ್ಧಪಡಿಸಿದ್ದರು. ಅದರಲ್ಲಿದ್ದ ಇಂಗಾಲದ ಸ್ವಲ್ಪ ಪಾಲು ವಿಕಿರಣಶೀಲವಾದ ಇಂಗಾಲ-14. ಮಣ್ಣಿನ ಮೇಲೆ ಒಂದೆರಡು ಹನಿ ಬಿದ್ದ ಬಳಿಕ, ಮೇಲಿನ ಗಾಳಿಯಲ್ಲಿ ವಿಕಿರಣಶೀಲ ಅನಿಲ ಕಾಣಿಸಿಕೊಂಡರೆ ಮಣ್ಣಿನಲ್ಲಿರುವ ಏನೋ ಒಂದು ಆ ಪೋಷಕವನ್ನು ಒಡೆದಿದೆಯೆಂದು ಅರ್ಥ. ಅನಿಲವೇನೋ ಬೇಗನೆ ಹೊಮ್ಮಿತು, ಮತ್ತು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಕಾಯಿಸಿದ ಮಣ್ಣಿನಿಂದ ಹೊಮ್ಮಲಿಲ್ಲ. ನೀವು ಹೇಳಿರುವುದು ಇಲ್ಲಿಯವರೆಗೆ ಸರಿಯಾಗಿಯೇ ಇದೆ.

ಆದರೆ ಆ "ಏನೋ ಒಂದು" ಜೀವಿಯೇ ಆಗಿರಬೇಕೆಂಬ ನಿಯಮವಿಲ್ಲ. ನಮ್ಮ ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಹೊಲದ ಮಣ್ಣಿನ ಸಾವಯವ ಇಂಗಾಲವನ್ನು ಅಳೆಯಲು ಡೈಕ್ರೋಮೇಟ್ ಮತ್ತು ಗಂಧಕಾಮ್ಲವನ್ನು ಸುರಿಯುತ್ತೇವೆ. ಯಾವ ಸೂಕ್ಷ್ಮಜೀವಿಯ ನೆರವೂ ಇಲ್ಲದೆ ಇಂಗಾಲದ ಬಹುಭಾಗ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಹೀಗೆ ಇತರ ವಸ್ತುಗಳನ್ನು ಆಮ್ಲಜನಕದೊಡನೆ ಕೂಡಿಸಿ ಒಡೆಯುವ ಬಲವಾದ ರಾಸಾಯನಿಕ, ಅಂದರೆ ಉತ್ಕರ್ಷಕವೊಂದು ಮಂಗಳದ ಮಣ್ಣಿನಲ್ಲಿಯೇ ಇದ್ದರೆ ಲೆವಿನ್ ಅವರ ಪೋಷಕಕ್ಕೂ ಅದೇ ಗತಿಯಾಗುತ್ತದೆ. ಅಂಥದ್ದೊಂದು ಇದೆ ಎಂಬುದಕ್ಕೆ ಅದೇ ನೌಕೆಯಲ್ಲಿದ್ದ ಇನ್ನೊಂದು ಪ್ರಯೋಗವೇ ಸಾಕ್ಷಿ ನುಡಿಯಿತು. ವ್ಯಾನ್ಸ್ ಒಯಾಮ ಅವರ ಅನಿಲ ವಿನಿಮಯ ಪ್ರಯೋಗದಲ್ಲಿ ಮಣ್ಣಿಗೆ ಬರೀ ತೇವದ ಗಾಳಿ ತಗುಲಿದರೂ ಸಾಕಾಯಿತು, ಆಮ್ಲಜನಕ ಹೊರಬಂತು. 145 ಡಿಗ್ರಿಗೆ ಕಾಯಿಸಿದ ಮಣ್ಣು ಕೂಡ ಆಮ್ಲಜನಕವನ್ನು ಬಿಟ್ಟಿತು. ಅಷ್ಟು ಕಾದ ಬಳಿಕವೂ ಕತ್ತಲಲ್ಲಿ ಆಮ್ಲಜನಕ ಬಿಡುವ ಜೀವಿಯನ್ನು ಕಲ್ಪಿಸಿಕೊಳ್ಳುವುದಕ್ಕಿಂತ ರಾಸಾಯನಿಕ ಕಾರಣವನ್ನು ಒಪ್ಪುವುದು ನೇರವಾದ ದಾರಿ. ನಾರ್ಮನ್ ಹೊರೊವಿಟ್ಜ್ ಅವರ ಮೂರನೆಯ ಪ್ರಯೋಗದ ಫಲಿತಾಂಶ ದುರ್ಬಲವಾಗಿತ್ತು, ಅವರೇ ಅದನ್ನು ಜೀವದ ಗುರುತೆಂದು ಒಪ್ಪಲಿಲ್ಲ. ಆದ್ದರಿಂದ ಅದನ್ನು ಬಿಟ್ಟುಬಿಡೋಣ.

ನಿರ್ಣಾಯಕವಾದದ್ದು ಕ್ಲೌಸ್ ಬೀಮನ್ ಅವರ ನೇತೃತ್ವದ ಸಾವಯವ ವಿಶ್ಲೇಷಣೆ. ಮಣ್ಣನ್ನು 500 ಡಿಗ್ರಿಯವರೆಗೆ ಕಾಯಿಸಿ, ಹೊರಬಂದ ಆವಿಯನ್ನು ಬೇರ್ಪಡಿಸಿ ತೂಗಿದಾಗ ಮಂಗಳದ್ದೆನ್ನಬಹುದಾದ ಸಾವಯವ ಸಂಯುಕ್ತಗಳು ಕಾಣಲಿಲ್ಲ. ದೇಹವೇ ಇಲ್ಲದ ಕಡೆ ಉಸಿರಾಟದ ಗುರುತನ್ನು ನಂಬುವುದು ಹೇಗೆ ಎಂಬುದು ಅಂದಿನ ವಿಜ್ಞಾನಿಗಳ ಪ್ರಶ್ನೆಯಾಗಿತ್ತು. ಒರೆಗಲ್ಲನ್ನು ಬದಲಿಸಿದರೆಂದು ನಾನು ಹೇಳುವುದಿಲ್ಲ. ಮಣ್ಣಿನ ರಸಾಯನಶಾಸ್ತ್ರವನ್ನು ತಿಳಿಯದೆಯೇ ಆ ಒರೆಗಲ್ಲನ್ನು ಕಡೆದಿದ್ದರು ಎನ್ನುವುದು ಹೆಚ್ಚು ಸರಿ.

ಉತ್ತರ – ಸೂಕ್ಷ್ಮದರ್ಶಿ

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಆದರೆ "ನಿರ್ಣಾಯಕ" ಎಂಬ ಮಾತನ್ನು ಒಪ್ಪಲಾರೆ, ಏಕೆಂದರೆ ಆ ಸಾವಯವ ವಿಶ್ಲೇಷಣೆಯ ಬುನಾದಿಯೇ 2008ರ ನಂತರ ಅಲುಗಾಡಿದೆ. ಆ ವರ್ಷ ಫೀನಿಕ್ಸ್ ನೌಕೆ ಮಂಗಳದ ಉತ್ತರ ಧ್ರುವ ಪ್ರದೇಶದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣವನ್ನು ಪತ್ತೆಹಚ್ಚಿತು; ಅದರ ಪ್ರಮಾಣ ತೂಕದಲ್ಲಿ ಶೇಕಡಾ ಅರ್ಧದ ಆಸುಪಾಸಿನಲ್ಲಿತ್ತು. ತಣ್ಣಗಿರುವಾಗ ಪರ್‌ಕ್ಲೋರೇಟ್ ಬಹಳ ಸಾಧು ಪದಾರ್ಥ. ಕಾಯಿಸಿದರೆ ಮಾತ್ರ ಸುತ್ತಲಿನ ಸಾವಯವ ವಸ್ತುಗಳನ್ನು ಸುಟ್ಟು, ಕ್ಲೋರಿನ್ ಬೆರೆತ ಚಿಕ್ಕ ಅಣುಗಳನ್ನು ಉಳಿಸುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್‌ಕ್ಲೋರೇಟ್ ಬೆರೆಸಿ ಕಾಯಿಸಿದ ಸಂಶೋಧಕರಿಗೆ 2010ರಲ್ಲಿ ದೊರೆತದ್ದು ಕ್ಲೋರೋಮೀಥೇನ್ ಮತ್ತು ಡೈಕ್ಲೋರೋಮೀಥೇನ್. ವೈಕಿಂಗ್ ಉಪಕರಣವೂ ಇವೇ ಎರಡನ್ನು ಕಂಡಿತ್ತು. ಭೂಮಿಯಲ್ಲಿ ಉಪಕರಣ ತೊಳೆದ ದ್ರಾವಕದ ಶೇಷವಿರಬೇಕೆಂದು ಆಗ ಅವನ್ನು ಬದಿಗಿಟ್ಟಿದ್ದರು. ಎಂದರೆ, ಸಾವಯವ ಅಂಶವನ್ನು ಹುಡುಕಲು ಹೊತ್ತಿಸಿದ ಒಲೆಯೇ ಅದನ್ನು ಸುಟ್ಟಿರುವ ಸಾಧ್ಯತೆ ಸಾಕಷ್ಟಿದೆ. ಮುಂದೆ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರ್ ಪ್ರಾಚೀನ ಕೆಸರುಗಲ್ಲಿನಿಂದ ಕ್ಲೋರೋಬೆಂಜೀನನ್ನೂ, 2018ರ ವರದಿಯಂತೆ ಗಂಧಕ ಬೆರೆತ ಥಯೋಫೀನ್‌ಗಳನ್ನೂ, 2025ರ ವರದಿಯಂತೆ ಡೆಕೇನ್, ಡೋಡೆಕೇನ್‌ಗಳಂತಹ ಉದ್ದ ಸರಪಳಿಯ ಹೈಡ್ರೋಕಾರ್ಬನ್‌ಗಳನ್ನೂ ಗುರುತಿಸಿದೆ. ಇವು ಜೀವದ ಸಾಕ್ಷ್ಯಗಳಲ್ಲ, ಉಲ್ಕೆಗಳಿಂದಲೂ ಬಂದಿರಬಹುದು. ಆದರೆ ಮಂಗಳದಲ್ಲಿ ಸಾವಯವ ವಸ್ತುವೇ ಇಲ್ಲ ಎಂಬ ಮಾತು ಇನ್ನು ನಿಲ್ಲುವುದಿಲ್ಲ.

ಲೆವಿನ್ ಅವರ ಪರವಾಗಿ ಇನ್ನೂ ಎರಡು ಅಂಶಗಳಿವೆ. ಮಣ್ಣನ್ನು 50 ಡಿಗ್ರಿಯ ಸುಮಾರಿಗೆ ಕಾಯಿಸಿದಾಗಲೇ ಅನಿಲದ ಪ್ರಮಾಣ ಗಣನೀಯವಾಗಿ ತಗ್ಗಿತು. ಸಾಮಾನ್ಯ ಖನಿಜ ಉತ್ಕರ್ಷಕ ಇಷ್ಟು ಅಲ್ಪ ಬಿಸಿಗೆ ಸೊರಗುವುದಿಲ್ಲ. ಯುಟೋಪಿಯಾದಲ್ಲಿ ಬಂಡೆಯೊಂದನ್ನು ಸರಿಸಿ, ಅತಿನೇರಳೆ ಕಿರಣ ತಾಕದೆ ಉಳಿದಿದ್ದ ಮಣ್ಣನ್ನು ತೆಗೆದಾಗಲೂ ಅನಿಲ ಹೊಮ್ಮಿತು; ಹಾಗಾಗಿ ಬಿಸಿಲೇ ಎಲ್ಲಕ್ಕೂ ಕಾರಣ ಎನ್ನುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಜೀವದ ಪಕ್ಷಕ್ಕೆ ವಾಲುವುದಿಲ್ಲ. ಸೂಕ್ಷ್ಮಜೀವಿಗಳನ್ನು ಬೆಳೆಸುವ ಯಾರಿಗಾದರೂ ಮೊದಲು ಕಾಡುವುದು ಎರಡನೆಯ ಬಾರಿ ಪೋಷಕ ಹಾಕಿದಾಗ ಆದ ವರ್ತನೆ. ಜೀವಿಗಳಿದ್ದರೆ ಹೊಸ ಆಹಾರ ಬಿದ್ದೊಡನೆ ಅನಿಲ ಮತ್ತೆ ಏರಬೇಕು, ದಿನಗಳೆದಂತೆ ಸಂಖ್ಯೆ ಬೆಳೆದು ಏರಿಕೆ ಕಡಿದಾಗಬೇಕು. ಅಲ್ಲಿ ಹಾಗಾಗಲಿಲ್ಲ, ಮೊದಲೇ ಇದ್ದ ಅನಿಲದಲ್ಲಿ ಸ್ವಲ್ಪ ಭಾಗ ತೇವಗೊಂಡ ಮಣ್ಣಿಗೆ ಮರಳಿ ಸೇರಿತು. ಮೊದಲ ತೇವಕ್ಕೇ ಆ ಜೀವಿಗಳು ಸತ್ತುಹೋದವೆಂದು ವಾದಿಸಬಹುದು, ಆದರೆ ಖರ್ಚಾಗಿ ಮುಗಿದ ಉತ್ಕರ್ಷಕದ ನಡವಳಿಕೆಯೂ ನೋಡಲು ಹೀಗೆಯೇ ಇರುತ್ತದೆ. ರಿಚರ್ಡ್ ಕ್ವಿನ್ ಮತ್ತು ಸಂಗಡಿಗರು 2013ರಲ್ಲಿ ಪರ್‌ಕ್ಲೋರೇಟಿಗೆ ಗಾಮಾ ಕಿರಣ ಹಾಯಿಸಿ, ಅದರಿಂದ ಹೈಪೋಕ್ಲೋರೈಟ್ ಹುಟ್ಟುವುದನ್ನೂ ಸ್ಫಟಿಕದೊಳಗೆ ಆಮ್ಲಜನಕ ಸೆರೆಯಾಗುವುದನ್ನೂ ತೋರಿಸಿದರು. ಹೈಪೋಕ್ಲೋರೈಟ್ ಎಂದರೆ ನಮ್ಮ ಊರುಗಳಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಸಾರ. ಇದು ಪೋಷಕವನ್ನು ಒಡೆಯುತ್ತದೆ. ಸೆರೆಯಾದ ಆಮ್ಲಜನಕ ತೇವ ತಗುಲಿದಾಗ ಹೊರಬರುತ್ತದೆ. ವಿಶ್ವಕಿರಣಗಳು ಬಂಡೆಯ ಅಡಿಗೂ ತಲುಪುವುದರಿಂದ ಮೇಲಿನ ಎರಡನೆಯ ಅಂಶಕ್ಕೂ ಇಲ್ಲಿ ಉತ್ತರವಿದೆ. 50 ಡಿಗ್ರಿಯ ಪ್ರಶ್ನೆ ಮಾತ್ರ ನನ್ನ ಮಟ್ಟಿಗೆ ಪೂರ್ತಿ ಬಗೆಹರಿದಿಲ್ಲ.

ಮರುಪ್ರಶ್ನೆ – ನಕ್ಷತ್ರಪ್ರಿಯೆ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ವಿವಾದ ಉಳಿದಿರುವಾಗ, ಪರ್‌ಕ್ಲೋರೇಟಿನ ವಿಷಯ ತಿಳಿದ ಮೇಲಾದರೂ, ಅಂಥದೇ ಪ್ರಯೋಗವನ್ನು ಸುಧಾರಿಸಿ ಮತ್ತೆ ಏಕೆ ಕಳುಹಿಸಲಿಲ್ಲ? ಈಗಿನ ರೋವರ್‌ಗಳೆಲ್ಲ ಕಲ್ಲುಗಳನ್ನೇ ಏಕೆ ಕೊರೆಯುತ್ತಿವೆ?

ಉತ್ತರ – ಮಣ್ಣುಪರೀಕ್ಷಕ

ಇಂದು ಬದುಕಿರುವ ಜೀವಿಗಳಿಗೆ ಮಂಗಳದ ಮೇಲ್ಮಣ್ಣು ತಕ್ಕ ಸ್ಥಳವಲ್ಲ. ವಾಯುಭಾರ ನಮ್ಮದರ ಶೇಕಡಾ ಒಂದಕ್ಕಿಂತ ಕಡಿಮೆ, ದ್ರವರೂಪದ ನೀರು ನಿಲ್ಲುವುದಿಲ್ಲ, ಭೂಮಿಗಿರುವಂತಹ ಕಾಂತಕ್ಷೇತ್ರದ ಕವಚವೂ ಇಲ್ಲ. ಆದರೆ ಮುನ್ನೂರು ನಾನೂರು ಕೋಟಿ ವರ್ಷಗಳ ಹಿಂದೆ ಅಲ್ಲಿ ಕೆರೆಗಳೂ ನದಿಗಳೂ ಇದ್ದವು. ಆ ಕಾಲದ ಕೆಸರು ಈಗ ಕಲ್ಲಾಗಿದೆ. ಹುಡುಕಾಟ ಜೀವಂತ ಜೀವಿಗಳನ್ನು ಬಿಟ್ಟು ಹಳೆಯ ಗುರುತುಗಳತ್ತ ಹೊರಳಿರುವುದಕ್ಕೆ ಇದೇ ಮುಖ್ಯ ಕಾರಣ, ಮತ್ತು ಅದು ವಿವೇಕದ ತೀರ್ಮಾನವೆಂದೇ ನಾನು ಭಾವಿಸುತ್ತೇನೆ.

ಅದಕ್ಕೆ ಫಲವೂ ಸಿಕ್ಕಿದೆ. ಜೆಜೆರೋ ಕುಳಿಗೆ ನೀರು ಹರಿಸುತ್ತಿದ್ದ ಪ್ರಾಚೀನ ಕಣಿವೆಯೊಂದರಲ್ಲಿ ಪರ್ಸಿವಿಯರೆನ್ಸ್ ರೋವರ್ 2024ರ ಜುಲೈಯಲ್ಲಿ ಚಿರತೆಯ ಮೈಯಂತಹ ಚುಕ್ಕೆಗಳುಳ್ಳ ಬಂಡೆಯೊಂದನ್ನು ಕಂಡಿತು. ಅದಕ್ಕೆ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಆ ಚುಕ್ಕೆಗಳಲ್ಲಿರುವುದು ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಮತ್ತು ಗ್ರೈಗೈಟ್ ಎಂಬ ಕಬ್ಬಿಣದ ಸಲ್ಫೈಡ್ ಆಗಿರುವ ಸಂಭವ ಹೆಚ್ಚು. ಸುತ್ತಲಿನ ಕೆಸರುಗಲ್ಲಿನಲ್ಲಿ ಸಾವಯವ ಇಂಗಾಲವೂ ಇದೆ. ಭೂಮಿಯ ಕೆರೆಗಳ ತಳದಲ್ಲಿ, ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ತಿಂದು ಕಬ್ಬಿಣ ಮತ್ತು ಸಲ್ಫೇಟನ್ನು ಅಪಕರ್ಷಿಸುವಾಗ (ಅಂದರೆ ಅವಕ್ಕೆ ಎಲೆಕ್ಟ್ರಾನ್‌ಗಳನ್ನು ದಾಟಿಸುವಾಗ) ಇಂತಹ ಖನಿಜಗಳು ಉಂಟಾಗುತ್ತವೆ. ಜೀವವಿಲ್ಲದೆಯೂ ಉಂಟಾಗಬಹುದು, ಆದರೆ ಸಲ್ಫೇಟಿನ ಅಪಕರ್ಷಣೆಗೆ ಸಾಮಾನ್ಯವಾಗಿ ಹೆಚ್ಚಿನ ಶಾಖ ಬೇಕು, ಮತ್ತು ಆ ಬಂಡೆ ಅಷ್ಟು ಕಾದದ್ದಕ್ಕೆ ಕುರುಹು ಕಂಡಿಲ್ಲ. ಅಲ್ಲಿ ಕೊರೆದ ಮಾದರಿ ಕೊಳವೆಯೊಳಗೆ ಭದ್ರವಾಗಿದೆ. ಅದನ್ನು ಭೂಮಿಗೆ ತರುವ ಯೋಜನೆ ಹಣದ ತೊಡಕಿನಲ್ಲಿ ಸಿಲುಕಿರುವುದು ಬೇಸರದ ವಿಷಯ, ಏಕೆಂದರೆ ಇಂತಹ ಪ್ರಶ್ನೆಗೆ ಬೇಕಾದ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅಳತೆಯನ್ನು ಅಷ್ಟು ಸೂಕ್ಷ್ಮವಾಗಿ ಮಾಡುವ ಉಪಕರಣಗಳು ರೋವರಿನ ಬೆನ್ನಿನ ಮೇಲೆ ಹಿಡಿಯುವುದಿಲ್ಲ.

ಉತ್ತರ – ಸೂಕ್ಷ್ಮದರ್ಶಿ

ಮೇಲ್ಮಣ್ಣಿನ ಬಗ್ಗೆ ಹೇಳಿದ್ದು ನಿಜ. ಆದರೆ ಆಳದ ಮಾತು ಬೇರೆ. ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ 2028ರಲ್ಲಿ ಹೊರಡಬೇಕಿದ್ದು, ಎರಡು ಮೀಟರ್ ಆಳದವರೆಗೆ ಕೊರೆಯುವಂತೆ ಅದನ್ನು ರೂಪಿಸಲಾಗಿದೆ. ಅಷ್ಟು ಆಳದಲ್ಲಿ ವಿಕಿರಣದ ಹಾವಳಿ ಬಹಳ ಕಡಿಮೆ.

ಪ್ರಯೋಗವನ್ನು ಸುಧಾರಿಸುವ ಪ್ರಶ್ನೆಗೆ ಬಂದರೆ, ದಾರಿ ಇಲ್ಲದೆ ಇಲ್ಲ. ಅಲನೀನ್, ಲ್ಯಾಕ್ಟೇಟ್‌ಗಳಂತಹ ಅಣುಗಳಿಗೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ರೂಪಗಳಿರುತ್ತವೆ. ಹೈಪೋಕ್ಲೋರೈಟಿಗೆ ಎರಡೂ ಒಂದೇ, ಎರಡನ್ನೂ ಸಮವೇಗದಲ್ಲಿ ಒಡೆಯುತ್ತದೆ. ಜೀವಿಗಳಾದರೋ ಸಾಮಾನ್ಯವಾಗಿ ಒಂದನ್ನು ಆಯ್ದು ತಿನ್ನುತ್ತವೆ. ವೈಕಿಂಗ್ ದ್ರಾವಣದಲ್ಲಿ ಎರಡೂ ರೂಪಗಳು ಒಟ್ಟಿಗೆ ಬೆರೆತಿದ್ದುದರಿಂದ ಯಾವುದು ಒಡೆಯಿತೆಂದು ತಿಳಿಯುವ ಬಗೆಯಿರಲಿಲ್ಲ. ಅವನ್ನು ಬೇರೆ ಬೇರೆ ಮಣ್ಣಿನ ಮಾದರಿಗಳಿಗೆ ಹಾಕಿ ಹೋಲಿಸಬೇಕೆಂದು ಲೆವಿನ್ ಅವರೇ ಮುಂದೆ ಸೂಚಿಸಿದ್ದರು. ಯಾವ ನೌಕೆಯೂ ಇದುವರೆಗೆ ಆ ಪ್ರಯೋಗವನ್ನು ಮಂಗಳಕ್ಕೆ ಒಯ್ದಿಲ್ಲ.