ಪದ ಬೇಕು: ‘ರೆಪ್ಲಿಕೇಶನ್’ ಮತ್ತು ‘ಫೇಲ್‌ಓವರ್’, ಸೋಮವಾರದೊಳಗೆ

ಚಿಕ್ಕಮಗಳೂರಿನಿಂದ, ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ಪದಗಳಿಗೆ ಕನ್ನಡ ಬೇಕಾಗಿದೆ. ಸೋಮವಾರ ಬೆಳಗ್ಗೆ ಗೋಡೆಗೆ ಅಂಟಿಸುವ ಸೂಚನೆಗೂ ಕಂಪ್ಯೂಟರ್ ಪರದೆಯ ಮೇಲಿನ ಸಂದೇಶಕ್ಕೂ.

ಕಾಫಿ ಕೊಳ್ಳುವ ಒಂದು ಸಂಸ್ಥೆಯ ಲೆಕ್ಕವನ್ನು ನಾವು ನೋಡಿಕೊಳ್ಳುತ್ತೇವೆ. ಡಿಪೋಗಳಲ್ಲಿ ತೂಕ, ತೇವಾಂಶ, ದರ ಏನು ಬರೆದರೂ ಸ್ನೋಫ್ಲೇಕ್ ಎಂಬ ಕ್ಲೌಡ್ ಸೇವೆಯಲ್ಲಿರುವ (ಅಂದರೆ ದೂರದ ಕಂಪ್ಯೂಟರುಗಳಲ್ಲಿರುವ) ಖಾತೆಗೆ ಹೋಗಿ ಸೇರುತ್ತದೆ. ಖಾತೆ ಎರಡಿವೆ: ಒಂದು ಮುಂಬೈನಲ್ಲಿ, ಒಂದು ಪುಣೆಯಲ್ಲಿ. ಮುಂಬೈನಲ್ಲಿ ಬರೆದದ್ದು 10 ನಿಮಿಷಕ್ಕೊಮ್ಮೆ ಪುಣೆಗೆ ಹೋಗುತ್ತದೆ, ಇದು ರೆಪ್ಲಿಕೇಶನ್. ಪುಣೆಯದನ್ನು ಓದಬಹುದು, ಅದರಲ್ಲಿ ಬರೆಯಲು ಬರುವುದಿಲ್ಲ. ಮುಂಬೈ ಕೈಕೊಟ್ಟರೆ ನಾವು ಪುಣೆ ಖಾತೆಯೊಳಗೆ ಹೋಗಿ, ಅಲ್ಲಿಂದಲೇ ‘ಇನ್ನು ಮೇಲೆ ಇದೇ ಪ್ರೈಮರಿ’ ಎಂದು ಆಜ್ಞೆ ಕೊಡುತ್ತೇವೆ. ಇದು ಫೇಲ್‌ಓವರ್. ಆಮೇಲೆ ಮುಂಬೈ ಎದ್ದು ಕೂತರೂ ಅದು ಸೆಕೆಂಡರಿಯೇ. ಅದರಲ್ಲಿ ಓದು ಮಾತ್ರ. ಫೇಲ್‌ಓವರ್ ಆದ ಕೂಡಲೇ 10 ನಿಮಿಷದ ಆ ವೇಳಾಪಟ್ಟಿ ನಿಂತುಹೋಗುತ್ತದೆ, ಸೆಕೆಂಡರಿ ಖಾತೆಯಲ್ಲಿ ಅದನ್ನು ನಾವೇ ಮತ್ತೆ ಚಾಲೂ ಮಾಡಬೇಕು. ಸೂಚನೆಯಲ್ಲಿ ಇದೂ ಸ್ಪಷ್ಟವಾಗಿ ಬರಬೇಕು.

ಹಿಂದಿನ ಸಲದ ಕನ್ನಡ ನಾನೇ ಬರೆದಿದ್ದು: ‘ದ್ವಿತೀಯಕ ಪ್ರತಿಕೃತಿಯು ಓದು-ಮಾತ್ರ ಸ್ಥಿತಿಯಲ್ಲಿದೆ. ವೈಫಲ್ಯಾಂತರಣ ಪ್ರಗತಿಯಲ್ಲಿದೆ.’ ಜನವರಿಯಲ್ಲಿ, ಕೊಯ್ಲಿನ ನಡುವೆ, ಮೂಡಿಗೆರೆ ಕಡೆಯ ಡಿಪೋದಲ್ಲಿ ಏನಾಯಿತೆಂದರೆ, ಬೆಳಗ್ಗೆ 42 ಚೀಲ ಚೆರಿ 24 ಅಂತ ನಮೂದಾಗಿಬಿಟ್ಟಿತ್ತು. ಹುಡುಗ ಅದನ್ನು ತಿದ್ದಲು ಕೂತಾಗಲೇ ಈ ಸಂದೇಶ ಬಂತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದನಂತೆ. ಇಪ್ಪತ್ತು ನಿಮಿಷ ಕಾದು, ಚೀಟಿಯ ಮೇಲೆ ಪೆನ್ನಿನಲ್ಲಿ 42 ಅಂತ ಬರೆದು ಬೆಳೆಗಾರರ ಕೈಗೆ ಕೊಟ್ಟು ಕಳಿಸಿದ. ಲೆಕ್ಕದಲ್ಲಿ 24ಕ್ಕೇ ದುಡ್ಡು ಹೋಯಿತು. ಕೇಳಿದರೆ, ‘ಪ್ರಗತಿಯಲ್ಲಿದೆ ಅಂತ ಇತ್ತಲ್ಲ ಮೇಡಂ, ಆಗ್ತಾ ಇದೆ ಅಂದ್ಕೊಂಡೆ’ ಅಂದ. ಅವನದೇನೂ ತಪ್ಪಿಲ್ಲ. ಅವನಿಗೆ ತಿಳಿಯಬೇಕಾದ್ದು ಒಂದೇ: ಈಗ ಬರೆದರೆ ಉಳಿಯುತ್ತದೋ ಇಲ್ಲವೋ. ನನ್ನ ಕನ್ನಡ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿತ್ತು.

ದಯವಿಟ್ಟು ಸಹಾಯ ಮಾಡಿ.

* * *

ಹಾಸನದಿಂದ, ಗುರುವಾರ

‘ವೈಫಲ್ಯಾಂತರಣ’ವನ್ನು ಇವತ್ತೇ ಅಳಿಸಿ. ಷಷ್ಠೀ ತತ್ಪುರುಷವಾಗಿ ಬಿಡಿಸಿದರೆ ‘ವೈಫಲ್ಯದ ಅಂತರಣ’, ಅಂದರೆ ಸೋಲನ್ನೇ ಇನ್ನೊಂದು ಕಡೆಗೆ ದಾಟಿಸುವುದು. ಮುಂಬೈಯ ರೋಗವನ್ನು ಪುಣೆಗೆ ಅಂಟಿಸುತ್ತೀರಾ?

ರೆಪ್ಲಿಕೇಶನ್‌ಗೆ ಅಚ್ಚಗನ್ನಡದಲ್ಲೇ ಪದವಿದೆ: ಪಡಿ. ಪಡಿಯಚ್ಚು ಎಂದು ಈಗಲೂ ಬಳಸುತ್ತೇವೆ. ಪಡಿಮಾಡಿಕೆ, ಪಡಿಖಾತೆ. ಚರ್ಚೆ ಬೇಕಿಲ್ಲ.

* * *

ಅರಸೀಕೆರೆಯಿಂದ, ಗುರುವಾರ

ಮೇಷ್ಟ್ರೇ, ಕ್ಷಮಿಸಿ, ಪಡಿ ಅಚ್ಚಗನ್ನಡವಲ್ಲ. ಪ್ರತಿಯೇ ಪ್ರಾಕೃತದ ದಾರಿ ಹಿಡಿದು ಪಡಿಯಾಗಿದೆ. ಪ್ರತಿಮೆ ಪಡಿಮೆ, ಪ್ರತಿಚ್ಛಂದ ಪಡಿಚಂದ, ಪ್ರತಿಹಾರ ಪಡಿಹಾರ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ನೀವೇ ನಮಗೆಲ್ಲ ಓದಿಸಿದ್ದು.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ಊರಿನವರಿಗೆ ಪಡಿ ಅಂದರೆ ಪಡಿತರ. ‘ಪಡಿಖಾತೆ’ ಅಂತ ಗೋಡೆಯ ಮೇಲೆ ಹಾಕಿದರೆ ರೇಷನ್ ಕಾರ್ಡ್ ಹಿಡಿದು ಬಂದು ನಿಲ್ಲುತ್ತಾರೆ. ಸುಮ್ಮನೆ ‘ಪ್ರತಿ’ ಅನ್ನಿ, ಎಲ್ಲರಿಗೂ ಗೊತ್ತಿರುವ ಮಾತು.

* * *

ಹಾಸನದಿಂದ, ಗುರುವಾರ ಸಂಜೆ

ತದ್ಭವವಾದರೇನು? ಆಂಡಯ್ಯ ತತ್ಸಮ ಬೇಡವೆಂದು ಹಟ ಹಿಡಿದು 13ನೇ ಶತಮಾನದಲ್ಲಿ ಇಡೀ ಕಾವ್ಯ ಬರೆದ. ತದ್ಭವವನ್ನು ಬಿಟ್ಟನೇ? ಬಿಡಲಿಲ್ಲ. ಕನ್ನಡದ ನಾಲಿಗೆಯಲ್ಲಿ ತಿರುಗಿ ತನ್ನ ಗಂಟನ್ನು ಕಳಚಿಕೊಂಡ ಪದ ಕನ್ನಡದ್ದೇ. ಪಡಿ ನಮ್ಮದು, ಪ್ರತಿ ಎರವಲು. ವ್ಯತ್ಯಾಸ ಕಾಣದಿದ್ದವರಿಗೆ ಹೇಳಿ ಪ್ರಯೋಜನವಿಲ್ಲ.

* * *

ಸಕಲೇಶಪುರದಿಂದ, ಗುರುವಾರ ರಾತ್ರಿ

ಫೇಲ್‌ಓವರ್‌ಗೆ ‘ಹೆಗಲುಬದಲು’ ಆಗಬಹುದಾ? ಉತ್ಸವದಲ್ಲಿ ಅಡ್ಡೆ ಹೊತ್ತವರು ನಡೀತಾ ನಡೀತಾನೇ ಹೆಗಲು ಬದಲಾಯಿಸ್ತಾರೆ, ದೇವರು ಕೆಳಗಿಳಿಯೋದಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಾಗುತ್ತೆ.

* * *

ಅರಸೀಕೆರೆಯಿಂದ, ಗುರುವಾರ ರಾತ್ರಿ

ಚಿತ್ರ ಚೆನ್ನಾಗಿದೆ, ಪದವಾಗಿ ಬೇಡ. ‘ಹೆಗಲು ಕೊಡು’ ಅಂದ ಕೂಡಲೇ ಸಾವಿನ ಮನೆಯೂ ನೆನಪಾಗುತ್ತದೆ.

* * *

ಬೇಲೂರಿನಿಂದ, ಶುಕ್ರವಾರ

ತಾಲ್ಲೂಕು ಕಚೇರಿಯಲ್ಲಿ ಬದುಕು ಕಳೆದವನು ನಾನು. ಸ್ವಲ್ಪ ಉದ್ದವಾದರೂ ಹೇಳಿಬಿಡುತ್ತೇನೆ.

ಮೊದಲು ಎಚ್ಚರಿಕೆ. ತಾಯೀ, ನಿಮ್ಮ ಮೊದಲ ಪತ್ರದಲ್ಲೇ ‘ಖಾತೆ’ ಇದೆ. ಕಾಫಿ ತೋಟದವರಿಗೆ ಖಾತೆ ಅಂದರೆ ಮೊದಲು ಜಮೀನು. ‘ಖಾತೆ ಬದಲಾವಣೆ’ ಎಂಬ ಎರಡು ಪದ ನಿಮ್ಮ ಗೋಡೆಯ ಮೇಲೆ ಒಟ್ಟಿಗೆ ಕಂಡರೆ ಸಾಕು, ತೋಟ ಯಾರ ಹೆಸರಿಗೆ ಹೋಯಿತೋ ಎಂದು ಜನ ಎದೆ ಹಿಡಿದುಕೊಂಡು ಬರುತ್ತಾರೆ. ಅಣ್ಣತಮ್ಮಂದಿರ ಪಾಲಿನ ಗಲಾಟೆ ಇರುವ ಮನೆಯಾದರಂತೂ ಕೇಳಬೇಡಿ. ಆ ಜೋಡಿಯನ್ನು ಯಾವ ಸಾಲಿನಲ್ಲೂ ತರಬೇಡಿ.

ಎರಡನೆಯದು, ನಕಲು. ಇದಕ್ಕಿಂತ ಒಳ್ಳೆಯ ಪದ ರೆಪ್ಲಿಕೇಶನ್‌ಗೆ ಸಿಗದು. ಅರಬ್ಬಿಯಲ್ಲಿ ಇದರ ಮೂಲದ ನಕ್ಲ್ ಅಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು. ಬರಹವನ್ನು ಒಯ್ದರೆ ಅದೇ ನಕಲು. ಮುಂಬೈಯದು ಪುಣೆಗೆ ಹೋಗುವುದು ಅದೇ ತಾನೆ? ದೃಢೀಕೃತ ನಕಲಿಗೆ ಅರ್ಜಿ ಹಾಕದ ರೈತ ನಮ್ಮ ಜಿಲ್ಲೆಯಲ್ಲಿಲ್ಲ.

ಮೂರನೆಯದೇ ಮುಖ್ಯ. ನಿಮ್ಮ ಫೇಲ್‌ಓವರ್‌ಗೆ ಕಚೇರಿಯಲ್ಲಿ ಮಾತು ಮೊದಲಿಂದ ಇದೆ: ಪ್ರಭಾರ. ತಹಸೀಲ್ದಾರರು ವರ್ಗವಾಗಿ ಹೋದರೆ ಬೀಗದ ಕೈ, ಮೊಹರು, ಕಡತ ಎಲ್ಲ ಅಲ್ಲೇ ಇರುತ್ತವೆ. ಸಹಿ ಹಾಕುವ ಹಕ್ಕು ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಪ್ರಭಾರ ಪತ್ರಕ್ಕೆ ಕೊಡುವವರು ತಗೊಳ್ಳುವವರು ಇಬ್ಬರೂ ಸಹಿ ಹಾಕಬೇಕು. ಆದರೆ ಕೊಡುವವರು ಆಸ್ಪತ್ರೆಯಲ್ಲಿದ್ದರೆ, ಬರಲಾಗದಿದ್ದರೆ? ಆಗ ಬಂದವರು ಒಬ್ಬರೇ ಸಹಿ ಹಾಕಿ ವಹಿಸಿಕೊಳ್ಳುತ್ತಾರೆ. ಅದಕ್ಕೆ ಏಕಪಕ್ಷೀಯ ಪ್ರಭಾರ ಅನ್ನುತ್ತೇವೆ. ಪುಣೆ ಖಾತೆಯಿಂದಲೇ ಆಜ್ಞೆ ಕೊಡಬೇಕು ಅಂದಿರಲ್ಲ, ಓದಿದ ಕೂಡಲೇ ನನಗೆ ಹೊಳೆದದ್ದು ಅದು.

ಎರವಲಿನ ಜಗಳ ಆಡುವವರಿಗೆ ಒಂದು ಮಾತು. ಹಲ್ಮಿಡಿ ನಮ್ಮ ತಾಲ್ಲೂಕಿನದು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಪತ್ತೆ ಮಾಡಿದ ಆ ಶಾಸನವನ್ನು ಕನ್ನಡದ ಮೊದಲ ಬರಹಗಳಲ್ಲಿ ಒಂದೆಂದು ಹೆಮ್ಮೆಪಡುತ್ತೇವೆ. ಮೊದಲ ಶ್ಲೋಕವೇ ಸಂಸ್ಕೃತ, ಮುಂದಿನ ಗದ್ಯದಲ್ಲೂ ಸಂಸ್ಕೃತ ತುಂಬಿಕೊಂಡಿದೆ. ಆದರೂ ವಾಕ್ಯದ ಬೆನ್ನುಮೂಳೆ ಕನ್ನಡ. ಎರವಲು ತಂದು ಬಾಳುವೆ ಮಾಡಿದ ಭಾಷೆ ಇದು, ಮೇಷ್ಟ್ರೇ.

* * *

ಹಾಸನದಿಂದ, ಶುಕ್ರವಾರ

ಹಲ್ಮಿಡಿಯನ್ನು ನನಗೆ ಹೇಳಿಕೊಡುವುದು ಬೇಡ. ಶಾಸನ ಬರೆಸಿದವರು ಅರಮನೆಯವರು. ಆ ಕಾಲದ ಬೇಸಾಯಗಾರ ಮನೆಯಲ್ಲಿ ಹಾಗೆ ಮಾತಾಡುತ್ತಿದ್ದನೆಂದು ಯಾರು ಕಂಡವರು? ಇವತ್ತಿನ ಸುತ್ತೋಲೆ ಓದಿ ಇದೇ ಕನ್ನಡ ಎಂದು ಮುಂದಿನವರು ತಿಳಿದರೆ ಎಷ್ಟು ಸರಿಯೋ ಇದೂ ಅಷ್ಟೇ.

ನಕಲು ಸಾಧ್ಯವೇ ಇಲ್ಲ. ನಕಲಿ ನೋಟು, ನಕಲಿ ವೈದ್ಯ, ಪರೀಕ್ಷೆಯಲ್ಲಿ ನಕಲು. ‘ನಿಮ್ಮ ಲೆಕ್ಕದ ನಕಲು ತೋರಿಸಲಾಗುತ್ತಿದೆ’ ಎಂದರೆ ಬೆಳೆಗಾರ ಅಸಲಿ ಎಲ್ಲಿ ಎಂದು ಕೇಳುತ್ತಾನೆ, ಕೇಳಬೇಕು. ಇಲ್ಲೇ ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಇದೆ. 2005ರಲ್ಲಿ ಭೋಪಾಲ್‌ನಲ್ಲಿ ಅಂಥದೇ ಇನ್ನೊಂದು ಬಂತು. ಭೋಪಾಲ್ ಹಾಸನದ ನಕಲು ಎಂದು ಯಾರಾದರೂ ಅನ್ನುತ್ತಾರಾ?

ಪ್ರಭಾರವೂ ಸಂಸ್ಕೃತವೇ. ಜೊತೆಗೆ ಅದು ತಾತ್ಕಾಲಿಕ. ಪ್ರಭಾರಿ ಮುಖ್ಯೋಪಾಧ್ಯಾಯನಾಗಿ ನಾನು ಮೂರು ವರ್ಷ ದುಡಿದಿದ್ದೇನೆ. ಆ ಪದದ ಭಾರ ಏನೆಂದು ನನಗೆ ಗೊತ್ತು: ಕೆಲಸವೆಲ್ಲ ನಿಮ್ಮದು, ಹುದ್ದೆ ನಿಮ್ಮದಲ್ಲ.

* * *

ಬೇಲೂರಿನಿಂದ, ಶುಕ್ರವಾರ ರಾತ್ರಿ

ನಕಲು ಬೇರೆ, ನಕಲಿ ಬೇರೆ. ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ನೀವು ಹೇಳುವ ತಾತ್ಕಾಲಿಕ ‘ಪ್ರಭಾರಿ’. ನಾನು ಹೇಳಿದ್ದು ‘ಪ್ರಭಾರ ವಹಿಸಿಕೊಂಡರು’. ಖಾಯಂ ಜಿಲ್ಲಾಧಿಕಾರಿಯೂ ಬಂದ ದಿನ ಪ್ರಭಾರವನ್ನೇ ವಹಿಸಿಕೊಳ್ಳುವುದು.

* * *

ಅರಸೀಕೆರೆಯಿಂದ, ಶನಿವಾರ

ಹಿರಿಯರಿಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಪಡಿ, ಪ್ರತಿ, ನಕಲು, ಯಾವುದನ್ನು ಇಟ್ಟುಕೊಂಡರೂ ಎದುರಿಗೆ ‘ಮೂಲ’ ಅಂತ ಒಂದು ನಿಲ್ಲಬೇಕು. ಮೂಲ ಯಾವತ್ತೂ ಮೂಲವೇ, ನಕಲು ಯಾವತ್ತೂ ನಕಲೇ; ಆ ಪದಗಳ ಗುಣವೇ ಹಾಗೆ. ಆದರೆ ಇಲ್ಲಿ ನಡೆಯುವುದು ಅದಲ್ಲ. ಫೇಲ್‌ಓವರ್ ಆದ ಮೇಲೆ ಪುಣೆಯದೇ ಮೂಲ, ಮುಂಬೈಯದು ಪುಣೆಯಿಂದ ತುಂಬಿಸಿಕೊಳ್ಳಬೇಕಾದ ನಕಲು. ಎರಡು ತಿಂಗಳ ನಂತರ ಮತ್ತೆ ತಿರುವುಮುರುವು. ‘ಮೂಲ ಈಗ ನಕಲು, ನಕಲು ಈಗ ಮೂಲ’ ಅಂತ ಬರೆದರೆ ಡಿಪೋದ ಆ ಹುಡುಗ ಇನ್ನೊಂದು 24ನ್ನು ಹಾಗೇ ಉಳಿಸುತ್ತಾನೆ.

ಆದ್ದರಿಂದ ಊರಿಗೆ ಅಂಟಿಕೊಳ್ಳುವ ಹೆಸರು ಬೇಡ, ಕೆಲಸಕ್ಕೆ ಅಂಟಿಕೊಳ್ಳುವ ಹೆಸರಿಡಿ. ಬರೆಯುವ ಕಡೆ, ಓದುವ ಕಡೆ. ಇವತ್ತು ಮುಂಬೈ ಬರೆಯುವ ಕಡೆ, ನಾಳೆ ಪುಣೆ. ತೋಟದಲ್ಲಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಬರೆಯುವವರಿಗೆ ‘ರೈಟರ್’ ಅನ್ನುತ್ತಾರಲ್ಲ, ಮನುಷ್ಯ ಬದಲಾದರೂ ರೈಟರ್ ರೈಟರೇ. ಅದು ಎರವಲು ಅಂತ ಯಾವ ಆಳೂ ಯೋಚಿಸುವುದಿಲ್ಲ, ಪಾರ್ಚ್‌ಮೆಂಟ್, ಪಲ್ಪರ್ ಬಗ್ಗೆಯೂ ಇಲ್ಲ. ಕಾಫಿಯೇ ಹೊರಗಿಂದ ಬಂದದ್ದು, ಹೆಸರಿನ ಸಮೇತ.

10 ನಿಮಿಷಕ್ಕೊಮ್ಮೆ ಆಗುವುದಕ್ಕೆ ‘ತಾಳೆ’ ಹೇಗೆ? ‘ಕೊನೆಯ ತಾಳೆ 11.40’ ಅಂದರೆ ಅಲ್ಲಿಯ ತನಕದ್ದು ಎರಡೂ ಕಡೆ ಒಂದೇ ಇದೆ ಅಂತ ಯಾರಿಗಾದರೂ ಹೊಳೆಯುತ್ತದೆ.

* * *

ಹಾಸನದಿಂದ, ಶನಿವಾರ

ತಾಳೆ ನೋಡುವುದು ಪರೀಕ್ಷಿಸುವುದು. ಬರೆದುಕೊಳ್ಳುವುದಲ್ಲ. ಸಡಿಲ ಬಳಕೆ.

‘ಬರೆಯುವ ಕಡೆ, ಓದುವ ಕಡೆ’ ಚೆನ್ನಾಗಿದೆ.

* * *

ಚಿಕ್ಕಮಗಳೂರಿನಿಂದ, ಭಾನುವಾರ ಬೆಳಗ್ಗೆ

ಎಲ್ಲರಿಗೂ ಮನಸಾರೆ ವಂದನೆ. ನಿನ್ನೆ ಸಂಜೆ ಕರಡನ್ನು ಹಿಡಿದುಕೊಂಡು ಅದೇ ಡಿಪೋಗೆ ಹೋಗಿದ್ದೆ. ಹುಡುಗನಿಗೆ ಮೊದಲು ‘ಪಡಿಖಾತೆ’ ತೋರಿಸಿದೆ. ಸುಮ್ಮನೆ ನನ್ನ ಮುಖ ನೋಡಿದ. ‘ನಕಲು’ ಅಂದಾಗ, ‘ಹಾಗಾದ್ರೆ ನಿಜವಾದ್ದು ಬೇರೆ ಕಡೆ ಇದ್ಯಾ?’ ಅಂದ, ಮೇಷ್ಟ್ರು ಹೇಳಿದ ಹಾಗೇ. ‘ಪ್ರಭಾರ’ ಅಂದ ಕೂಡಲೇ, ‘ಇವರು ಹೋಗಿ ಅವರು ಬಂದ್ರು ಅಂತ ತಾನೆ?’ ಅಂದ. ತಾಳೆಯನ್ನು ಅವನು ಕೇಳದೇ ಒಪ್ಪಿಕೊಂಡ, ದಿನಾ ಸಂಜೆ ಚೀಟಿಗೂ ಚೀಲಕ್ಕೂ ತಾಳೆ ಹಾಕುವವನು ಅವನೇ. ಮೇಷ್ಟ್ರೇ, ನೀವು ಹೇಳಿದ ವ್ಯತ್ಯಾಸ ನನಗೆ ಅರ್ಥವಾಗಿದೆ, ಆದರೂ ಇದನ್ನು ಇಟ್ಟುಕೊಳ್ಳುತ್ತೇನೆ.

‘ಕ್ಲೌಡ್’ ಹಾಗೇ ಇರಲಿ. ‘ಮೋಡದಲ್ಲಿ ತೊಂದರೆ’ ಅಂತ ಕಾಫಿ ಒಣಗಿಸುವ ಕಾಲದಲ್ಲಿ ಬೋರ್ಡ್ ಹಾಕುವ ಧೈರ್ಯ ನನಗಿಲ್ಲ. ‘ಖಾತೆ’ಯನ್ನು ಸೂಚನೆಯಿಂದ ಪೂರ್ತಿ ತೆಗೆದಿದ್ದೇನೆ. ಗೋಡೆಗೆ ಹೋಗುವುದು ಇದು:

‘ಲೆಕ್ಕವನ್ನು ಎರಡು ಕಡೆ ಇಟ್ಟಿದ್ದೇವೆ. ಒಂದು ಬರೆಯುವ ಕಡೆ, ಇನ್ನೊಂದು ಓದುವ ಕಡೆ. 10 ನಿಮಿಷಕ್ಕೊಮ್ಮೆ ತಾಳೆ ಆಗುತ್ತದೆ. ಬರೆಯುವ ಕಡೆ ಕೆಟ್ಟರೆ ಓದುವ ಕಡೆಯು ಪ್ರಭಾರ ವಹಿಸಿಕೊಳ್ಳುತ್ತದೆ. ಪರದೆಯ ಮೇಲೆ “ಈಗ ಬರೆಯಬೇಡಿ” ಎಂದಿರುವಷ್ಟು ಹೊತ್ತು ನೀವು ಬರೆದದ್ದು ಉಳಿಯುವುದಿಲ್ಲ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. “ಪ್ರಭಾರ ಬದಲಾಗಿದೆ, ಬರೆಯಬಹುದು” ಎಂದು ಬಂದ ಮೇಲೆ, ಕೊನೆಯ ತಾಳೆಯ ಹೊತ್ತು ನೋಡಿ, ಆಮೇಲಿನ ಎಲ್ಲ ಚೀಟಿಗಳನ್ನೂ ಮತ್ತೊಮ್ಮೆ ಪರಿಶೀಲಿಸಿ.’

ನಮ್ಮ ತಂಡದವರ ಕೈಪಿಡಿಗೆ ಇನ್ನೊಂದು ಸಾಲು: ‘ಪ್ರಭಾರ ಬದಲಾದ ಮೇಲೆ ತಾಳೆ ತಾನಾಗಿ ಶುರುವಾಗದು. ಓದುವ ಕಡೆಗೆ ಹೋಗಿ ಚಾಲೂ ಮಾಡಿ.’ ಮುಂಚೆಯೇ ಗೊತ್ತುಮಾಡಿ, ಎರಡೂ ಕಡೆ ಸರಿಯಿರುವಾಗ ಮಾಡುವುದಕ್ಕೆ ‘ಪ್ರಭಾರ ಹಸ್ತಾಂತರ’, ಮುಂಬೈ ಸಿಗದಿದ್ದಾಗ ಮಾಡುವುದಕ್ಕೆ ‘ಏಕಪಕ್ಷೀಯ ಪ್ರಭಾರ’ ಅಂತ ಬರೆದಿದ್ದೇನೆ. ಎರಡನೆಯದರಲ್ಲಿ ಕೊನೆಯ ತಾಳೆಯ ನಂತರ ಬರೆದದ್ದು ಪುಣೆಗೆ ತಲುಪಿರುವುದಿಲ್ಲ. ಸ್ನೋಫ್ಲೇಕ್‌ನಲ್ಲಿ ಎರಡಕ್ಕೂ ಒಂದೇ ಆಜ್ಞೆ. ಈ ಭೇದ ನನಗೆ ದಕ್ಕಿದ್ದು ಬೇಲೂರಿನವರ ಪತ್ರದಿಂದ.

42 ಚೀಲದ ಬೆಳೆಗಾರರಿಗೆ ಬಾಕಿ ದುಡ್ಡು ಸೇರಿದೆ.

* * *

ಹಾಸನದಿಂದ, ಭಾನುವಾರ

‘ಪರಿಶೀಲಿಸಿ’ ಬೇಡ, ‘ನೋಡಿ’ ಸಾಕು. ಹಾಗೆ ಬರೆದರೆ ‘ಮತ್ತೊಮ್ಮೆ’ಯನ್ನು ಬಿಡಬೇಡಿ.

ಉಳಿದದ್ದು ಅಂಟಿಸಿ.