ಅಟ್ಟದ ಕೊಳಗ, ಅಂಗಳದ ಡಬ್ಬ

[ಬೆಂಗಳೂರು ಅಣ್ಣ ಫೋಟೊ ಕಳಿಸಿದ್ದಾನೆ]

ಬೆಂಗಳೂರು ಅಣ್ಣ: ಊರಿಗೆ ಬಂದಾಗ ಅಟ್ಟದಲ್ಲಿ ಸಿಕ್ಕಿತು, ಅಜ್ಜ ಭತ್ತ ಅಳೆಯುತ್ತಿದ್ದ ಕೊಳಗ. ಪಾಲಿಶ್ ಮಾಡಿಸಿ ಹೋಂಸ್ಟೇ ಬಾಗಿಲಲ್ಲಿ ಇಡುತ್ತೇನೆ. ಆಗ ಒಡೆಯರು, ಒಕ್ಕಲು ಒಂದೇ ಮನೆಯವರ ಹಾಗೆ ಇದ್ದರಂತೆ. ಈಗ ಎಲ್ಲದಕ್ಕೂ ಜಗಳ.

ಅತ್ತೆ: ಚೆಂದ ಇದೆ ಮಗಾ.

ದೊಡ್ಡಪ್ಪ: ಒಂದೇ ಮನೆ ಅಂತ ಯಾರು ಹೇಳಿದರೋ? ಇದು ನಮ್ಮ ಕೊಳಗ. ಒಡೆಯರದ್ದು ಇದಕ್ಕಿಂತ ದೊಡ್ಡದು. ನಮ್ಮ ಕಣದಲ್ಲಿ ಅಳೆದ ಗೇಣಿ ಭತ್ತ ಅವರ ಅಂಗಳಕ್ಕೆ ಹೋದರೆ ಕಮ್ಮಿ ಬೀಳುತ್ತಿತ್ತು. 1951ರಲ್ಲಿ ನಮ್ಮ ಸಾಗರ ತಾಲೂಕಿನ ಕಾಗೋಡಲ್ಲಿ ರೈತರು ಎದ್ದದ್ದೇ ಈ ಅಳತೆಗೆ. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟು ಮಾಡಿದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದರು.

ಬೆಂಗಳೂರು ಅಣ್ಣ: ಹಳೇ ಕಥೆ ಅಲ್ವಾ ದೊಡ್ಡಪ್ಪ?

ದೊಡ್ಡಪ್ಪ: ಆ ಹಳೇ ಕಥೆಯಿಂದಲೇ ನೀನು ಇಂಜಿನಿಯರ್. ದೇವರಾಜ ಅರಸು ಕಾಲದಲ್ಲಿ, ಉಳುವವನಿಗೇ ಭೂಮಿ ಅನ್ನುವ 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ, ಅಪ್ಪಯ್ಯ ಡಿಕ್ಲರೇಷನ್ ಕೊಟ್ಟು ಸಾಗರಕ್ಕೆ ಅಲೆದು ಅಲೆದು ಗೇಣಿ ಗದ್ದೆಯನ್ನು ಹೆಸರಿಗೆ ಮಾಡಿಕೊಂಡರು. ಆ ಗದ್ದೆಯೇ ಈಗಿನ ತೋಟ. ಕಾಗದದಲ್ಲಿ ಮುಗಿಯದಿದ್ದರೆ ದೊಣ್ಣೆಯಲ್ಲಿ ಮುಗಿಯುತ್ತಿತ್ತು.

ಅತ್ತೆ: ಅದೆಲ್ಲ ಸರಿ ದೊಡ್ಡಣ್ಣ. ಈಗ ಅಕ್ಕಿ ಪುಕ್ಕಟೆ, ಬಸ್ ಪುಕ್ಕಟೆ. ಅಡಿಕೆ ಸುಲಿಯುವವರಿಗೆ ಪೊಗರು ಜಾಸ್ತಿ ಆಗಿದೆ.

ನಾನು: ಅತ್ತೆ, ನೀವು ಧರ್ಮಸ್ಥಳಕ್ಕೆ ಹೋದದ್ದೂ ಅದೇ ಪುಕ್ಕಟೆ ಬಸ್ಸಲ್ಲಿ! ಇನ್ನೊಂದು ಹೇಳುತ್ತೇನೆ, ಬೈಯಬೇಡಿ. ಸುಲಿದ ಅಡಿಕೆ ಅಳೆಯುವ ನಮ್ಮ ಡಬ್ಬ ನೋಡಿದ್ದೀರಾ? ತಳ ಉಬ್ಬಿ ಹೊರಗೆ ಬಂದಿದೆ. ಕೂಲಿ ಕೊಡುವುದು ಡಬ್ಬದ ಲೆಕ್ಕದಲ್ಲಿ. ಮೊನ್ನೆ ರಾತ್ರಿ ಒಬ್ಬಳು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದಿನಿಂದ ಎದ್ದು, ಸೊಂಟ ಹಿಡಿದುಕೊಂಡು, "ಅಮ್ಮಾ, ನಿಮ್ಮನೆ ಡಬ್ಬ ತುಂಬುವುದೇ ಇಲ್ಲವಲ್ಲ" ಅಂದಳು. ಅಷ್ಟಕ್ಕೇ ನೀವು ಅವಳಿಗೆ ನಾಳೆಯಿಂದ ಬರಬೇಡ ಅಂದಿರಿ.

ಅತ್ತೆ: ಬೇಕಂತ ಉಬ್ಬಿಸಿದೆವಾ? ಹಳೇ ಡಬ್ಬ, ಎತ್ತಿ ಇಳಿಸಿ ಹಾಗಾಗಿದೆ.

ನಾನು: ಒಡೆಯರ ಮನೆಯಲ್ಲೂ ಏನಾದರೂ ಒಂದು ಹೇಳಿರುತ್ತಾರೆ ಅತ್ತೆ.

ಬೆಂಗಳೂರು ಅಣ್ಣ: ಸುಮ್ನೆ ಎರಡಕ್ಕೂ ಗಂಟು ಹಾಕಬೇಡ. ಗೇಣಿದಾರ ಒಡೆಯರನ್ನು ಬಿಟ್ಟು ಎಲ್ಲಿಗೆ ಹೋಗಬೇಕಿತ್ತು? ಇವರಿಗೆ ಇಲ್ಲಿ ಬೇಡ ಅಂದರೆ ಪಕ್ಕದ ಮನೆ ಇದೆ.

ನಾನು: ಅದು ಹೌದು. ಹೋಗುತ್ತಿದ್ದಾರೆ ಕೂಡ. ಜನ ಇಲ್ಲದೆ ಮೂರು ದಿನ ಹಸಿ ಅಡಿಕೆ ಅಂಗಳದಲ್ಲೇ ಬಿದ್ದಿತ್ತು, ನಿನಗೆ ಯಾರೂ ಹೇಳಲಿಲ್ವಾ?

[ಅತ್ತೆ ಈ ಸಂದೇಶ ಅಳಿಸಿದ್ದಾರೆ]

ದೊಡ್ಡಪ್ಪ: ಬೆಳಿಗ್ಗೆ ಒಂದು ಹೊಸ ಡಬ್ಬ ತರುತ್ತೇನೆ. ಎರಡಕ್ಕೂ ನೀರು ತುಂಬಿ ನೋಡೋಣ. ನೀನು ಕೊಳಗ ತಂದು ಮನೆಯಲ್ಲಿ ಇಡು ಮಾರಾಯ.

ಬೆಂಗಳೂರು ಅಣ್ಣ: ಪಾಲಿಶ್‌ಗೆ ಕೊಟ್ಟಾಯಿತಲ್ಲ ದೊಡ್ಡಪ್ಪ.