ಹಡಗಿನ ಸಾಹಸ ಸರಣಿ: ಕಪ್ತಾನನ ಹೊರತು ಯಾವ ಪಾತ್ರವೂ ಮನಸ್ಸಲ್ಲಿ ನಿಲ್ತಿಲ್ಲ, ಏನು ಮಾಡಲಿ?

ಮಧುಗಿರಿ ಬೆಟ್ಟದಡಿ:

ಹೈಸ್ಕೂಲು ಮಕ್ಕಳಿಗೆ ಅಂತ 12 ಕಂತಿನ ಸಮುದ್ರ ಸಾಹಸದ ಕಥೆ ಬರೀತಿದೀನಿ. ಕಾಲ 1800ರ ಆಸುಪಾಸು. ಹಾಯಿ ಕಟ್ಟೋ ಮೂರು ಕೂವೆಮರದ ಯುದ್ಧದ ಹಡಗು, 18 ಪೌಂಡಿನ (ಅಂದರೆ ಅಷ್ಟು ತೂಕದ ಗುಂಡು ಹಾರಿಸೋ) ತೋಪುಗಳು, ಬೊಂಬಾಯಿಯಿಂದ ಮಂಗಳೂರಿನವರೆಗಿನ ಕರಾವಳಿ. ನಾಲ್ಕು ಕಂತು ಮುಗಿದಿದೆ. ಓದಿದ ಮಕ್ಕಳಿಗೆ ಕಪ್ತಾನನ ಹೆಸರೊಂದು ನೆನಪಿದೆ, ಮಿಕ್ಕವರೆಲ್ಲ ‘ಇನ್ನೊಬ್ಬ ನಾವಿಕ’ ಅಷ್ಟೇ. ವೈದ್ಯ, ಅಡುಗೆಯವನು, ಉಗ್ರಾಣದವನು, ಬಡಗಿ, ಸೀಟಿ ಊದಿ ಹಗ್ಗ-ಹಾಯಿ ಕೆಲಸ ಮಾಡಿಸೋ ಬೋಸನ್, 12 ವರ್ಷದ ಹುಡುಗ, ಎಲ್ಲರೂ ಇದಾರೆ. ಒಬ್ಬೊಬ್ಬರಿಗೂ ಒಂದೊಂದು ಗುಣ ಕೊಟ್ಟಿದೀನಿ: ಒಬ್ಬ ಸಿಡುಕ, ಒಬ್ಬ ನಗಿಸೋನು, ಒಬ್ಬ ಜಿಪುಣ. ಆದರೂ ಎಲ್ಲರ ಬಾಯಲ್ಲೂ ಒಂದೇ ಥರದ ಮಾತು. ಇನ್ನೊಂದು ತೊಡಕು, ನಮ್ಮ ಕಡೆ ಮಕ್ಕಳಿಗೆ ಕೋಡಿ ಬಿದ್ದ ಕೆರೆ ಗೊತ್ತು, ಕಡಲು ಗೊತ್ತಿಲ್ಲ. ತಿಳಿದವರು ದಾರಿ ಹೇಳಿ.

ಕೋಲಾರದ ಪಾಳಿ:

ಗುಣ ಮೊದಲು ಕೊಟ್ಟಿದ್ದೇ ತೊಂದರೆ ಆಗಿರೋದು. ಹಡಗಿನಲ್ಲಿ ಕೆಲಸ ಮೊದಲು, ಗುಣ ಆಮೇಲೆ. ಅವನ ಕೈಯಲ್ಲಿ ಏನಿದೆ, ಅವನು ನಿಲ್ಲೋ ಜಾಗ ಯಾವುದು, ಅವನು ಕೈ ತಪ್ಪಿದರೆ ಯಾರು ಸಾಯ್ತಾರೆ, ಇಷ್ಟು ಗೊತ್ತಾದರೆ ಮಾತು ತಾನಾಗೇ ಬರುತ್ತೆ.

ಹುಡುಗನನ್ನೇ ತಗೊಳ್ಳಿ. ಆ ವಯಸ್ಸಿನವನಿಗೆ ಯುದ್ಧದ ಹೊತ್ತಲ್ಲಿ ಸಿಗೋ ಕೆಲಸ ತೋಪಿನ ಸಿಡಿಮದ್ದು ಹೊರೋದು. ಮದ್ದಿನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗಿರುತ್ತೆ. ಒಳಗೆ ದೀಪ ಇಡೋ ಹಾಗಿಲ್ಲ, ಪಕ್ಕದ ಗೂಡಿನಂಥ ಕೋಣೆಯಲ್ಲಿ ದೀಪ ಇಟ್ಟು ಗಾಜಿನ ಕಿಂಡಿಯಿಂದ ಬೆಳಕು ಬಿಡ್ತಾರೆ. ಕಬ್ಬಿಣ ಸೋಕಿದರೆ ಕಿಡಿ ಏಳುತ್ತೆ ಅಂತ ಪೀಪಾಯಿಗೆ ತಾಮ್ರದ ಬಳೆ, ಕಾಲಿಗೆ ಮೆತ್ತನೆ ಪಾದರಕ್ಷೆ. ಬಾಗಿಲಲ್ಲಿ ನೀರಲ್ಲಿ ತೋಯಿಸಿದ ಉಣ್ಣೆ ಪರದೆ. ಆ ಪರದೆ ಸಂದಿಯಿಂದ ಒಂದು ಕೈ ಮಾತ್ರ ಮದ್ದು ತುಂಬಿದ ಫ್ಲಾನೆಲ್ ಚೀಲ ಚಾಚುತ್ತೆ. 18 ಪೌಂಡಿನ ತೋಪಿಗೆ ಒಂದು ಸಲಕ್ಕೆ ಸುಮಾರು 6 ಪೌಂಡು ಮದ್ದು, ಅಂದರೆ 2.7 ಕಿಲೋ. ಹುಡುಗ ಅದನ್ನ ಮುಚ್ಚಳದ ಡಬ್ಬಿಗೆ ಹಾಕಿ, ಅಂಗಿ ಮರೆ ಮಾಡಿ, ಏಣಿ ಹತ್ತಿ ಓಡಬೇಕು. ತೋಪಿನ ಪಕ್ಕ ಚೀಲ ರಾಶಿ ಹಾಕೋ ಹಾಗಿಲ್ಲ, ಒಂದು ಕಿಡಿ ಬಿದ್ದರೆ ಆ ಸಾಲಿನವರೆಲ್ಲ ಹೋದಂಗೆ. ಅದಕ್ಕೇ ಪ್ರತಿ ಸಲ ಇಳಿದು ಹತ್ತಬೇಕು. ಅಂದಮೇಲೆ ಹುಡುಗನಿಗೆ ಯುದ್ಧ ಅನ್ನೋದು ಕಾಣೋದೇ ಇಲ್ಲ. ಅವನಿಗೆ ಕಾಣೋದು ಏಣಿ, ಒದ್ದೆ ಪರದೆ, ಆ ಕೈ, ಮತ್ತೆ ಏಣಿ. ಮೂರು ಕಂತಿನ ತನಕ ಅವನು ಆ ಕೈಯವನ ಮುಖ ನೋಡದೇ ಇರಲಿ. ಬೆರಳ ಮೇಲಿನ ಹಳೆ ಸುಟ್ಟ ಕಲೆ ನೋಡಿ ಗುರುತು ಹಿಡೀಲಿ. ಒಂದು ದಿನ ಪರದೆಯಿಂದ ಬೇರೆ ಕೈ ಬರಲಿ. ಮಕ್ಕಳು ಆ ಜಾಗದಲ್ಲಿ ಪುಟ ತಿರುವೋದನ್ನ ಮರೀತಾರೆ.

ತೋಪಿನ ಬಳಿ ಇರೋ ಎಂಟು ಹತ್ತು ಜನರಲ್ಲಿ ಒಬ್ಬನನ್ನ ಮಾತ್ರ ಆರಿಸಿ. ನನ್ನ ಮಟ್ಟಿಗೆ ಅದು ಒದ್ದೆ ಕುರಿಚರ್ಮ ಸುತ್ತಿದ ಕೋಲು ಹಿಡಿಯೋನು. ತೋಪು ಹಾರಿದ ಮೇಲೆ ನಳಿಗೆಯಲ್ಲಿ ಉರಿಯೋ ಚೂರು ಉಳಿದಿರುತ್ತೆ. ಅವನು ಕೋಲು ಹಾಕಿ ತಿರುವಿ ಆರಿಸಿದ ಮೇಲೇ ಮುಂದಿನ ಚೀಲ, ಗುಂಡು, ಅದರ ಮೇಲೆ ಒತ್ತೋ ಹಗ್ಗದ ಉಂಡೆ. ಗಡಿಬಿಡಿಯಲ್ಲಿ ಸರಿಯಾಗಿ ಒರೆಸದಿದ್ದರೆ ಮುಂದಿನ ಚೀಲ ದಬ್ಬೋವಾಗಲೇ ಹತ್ತಿಕೊಂಡು, ದಬ್ಬೋನ ಕೈಯೇ ಹೋಗುತ್ತೆ. ಪಳಗಿದ ತಂಡ ಒಂದೂವರೆ ನಿಮಿಷಕ್ಕೊಂದು ಗುಂಡು ಬಿಡುತ್ತೆ, ಕಪ್ತಾನ ಇನ್ನೂ ಬೇಗ ಅಂತ ಕೂಗ್ತಾನೆ. ಅವಸರ ಮಾಡದ ಮನುಷ್ಯ ಅಂತ ನೀವು ಬರೆಯಬೇಕಿಲ್ಲ, ಅವನು ಕೋಲನ್ನ ಎರಡನೇ ಸಲ ತಿರುವಿದ ಅಂತ ಬರೆದರೆ ಸಾಕು.

ಬಡಗಿ ಬರೀ ಇಂಚಿನಲ್ಲಿ ಮಾತಾಡಲಿ. ಹಡಗಿನ ತಳದಲ್ಲಿ ಎಷ್ಟು ನೀರು ನಿಂತಿದೆ ಅಂತ ಕಂಬಿ ಇಳಿಬಿಟ್ಟು ಅಳೆದು ಕಪ್ತಾನನಿಗೆ ಹೇಳೋದು ಅವನ ಕೆಲಸ. ‘ಹದಿನಾಲ್ಕು ಇಂಚು.’ ಅರ್ಧ ಗಂಟೆ ಬಿಟ್ಟು ಬಂದು ‘ಇಪ್ಪತ್ತೊಂದು.’ ಇದಕ್ಕಿಂತ ಭಯ ಹುಟ್ಟಿಸೋ ಸಂಭಾಷಣೆ ಬೇಕಾ?

ಗುಬ್ಬಿ ರಂಗಪರದೆ:

ಪಾಳಿಯವರು ಹೇಳಿದ್ದು ಸರಿ. ನಾನು ಸಂಖ್ಯೆ ಬಗ್ಗೆ ಹೇಳ್ತೀನಿ. ನಿಮ್ಮ ಕಥೆಯಲ್ಲಿರೋ ಥರದ 18 ಪೌಂಡಿನ ತೋಪಿರೋ ಯುದ್ಧದ ಹಡಗಿನಲ್ಲಿ, ಅಂದರೆ ಫ್ರಿಗೇಟಿನಲ್ಲಿ, ಇನ್ನೂರೈವತ್ತು ಮುನ್ನೂರು ಜನ ಇರ್ತಾರೆ. ಓದುಗನ ತಲೆಯಲ್ಲಿ ಆರು ಜನಕ್ಕಿಂತ ಹೆಚ್ಚು ನಿಲ್ಲಲ್ಲ. 1884ರಲ್ಲಿ ಶುರುವಾದ ನಮ್ಮ ಗುಬ್ಬಿ ಕಂಪನಿಯಂಥ ನಾಟಕದ ಕಂಪನಿಗಳಲ್ಲೂ ಪರದೆ ಹಿಂದೆ ದೊಡ್ಡ ದಂಡೇ ಇರ್ತಿತ್ತು, ಪ್ರೇಕ್ಷಕ ಮನೆಗೆ ಹೊತ್ತುಕೊಂಡು ಹೋಗ್ತಿದ್ದಿದ್ದು ನಾಲ್ಕೈದು ಪಾತ್ರ. ಉಳಿದವರನ್ನ ಗುಂಪಾಗೇ ಇಡಿ, ಆದರೆ ಗುಂಪಿಗೂ ಒಂದು ಗುರುತು ಇರಲಿ.

ಅದಕ್ಕೆ ಒಳ್ಳೆ ಜಾಗ ಊಟದ ಪಂಕ್ತಿ. ಎರಡು ತೋಪಿನ ನಡುವೆ ಹಗ್ಗದಲ್ಲಿ ತೂಗುಹಾಕಿದ ಹಲಗೆಯೇ ಮೇಜು, ಆರೆಂಟು ಜನ ಅದರ ಸುತ್ತ. ಉಪ್ಪು ಹಾಕಿದ ಮಾಂಸ ಪಾಲು ಮಾಡೋವಾಗ ಜಗಳ ಬರಬಾರದು ಅಂತ ಒಂದು ಪದ್ಧತಿ ಇತ್ತು. ಒಬ್ಬ ಬೆನ್ನು ತಿರುಗಿಸಿ ಕೂರ್ತಾನೆ. ಪಾಲು ಮಾಡೋನು ಒಂದು ತುಂಡಿಗೆ ಚಾಕು ಚುಚ್ಚಿ ‘ಇದು ಯಾರಿಗೆ?’ ಅಂತಾನೆ. ನೋಡದೇ ಇರೋನು ಒಂದು ಹೆಸರು ಹೇಳ್ತಾನೆ. ಒಂದೇ ದೃಶ್ಯದಲ್ಲಿ ಎಂಟು ಹೆಸರು ಓದುಗನ ಕಿವಿಗೆ ಬೀಳುತ್ತೆ, ಮೂಳೆ ತುಂಡು ಸಿಕ್ಕಿದೋನ ಮುಖ ಯಾರು ನೋಡಿದರು ಅನ್ನೋದೂ ಗೊತ್ತಾಗುತ್ತೆ. ಆರನೇ ಕಂತಿನಲ್ಲಿ ಯುದ್ಧ ಮುಗಿದ ರಾತ್ರಿ ಇದೇ ಪಂಕ್ತಿ ಮತ್ತೆ ಬರಲಿ. ಬೆನ್ನು ತಿರುಗಿಸಿದೋನ ಬಾಯಿಂದ ಅಭ್ಯಾಸಬಲದಿಂದ ಸತ್ತವನ ಹೆಸರು ಬಂದುಬಿಡಲಿ.

ವೈದ್ಯನನ್ನ ಬರೀ ಕೈಕಾಲು ಕುಯ್ಯೋಕೆ ಇಟ್ಟುಕೊಂಡರೆ ನಷ್ಟ. ಅವನಿಗೆ ಹಗ್ಗದ ಹೆಸರು ಬರಲ್ಲ, ಹಾಯಿ ಯಾಕೆ ಇಳಿಸ್ತಾರೆ ಗೊತ್ತಿಲ್ಲ. ಕಡಲು ಕಾಣದ ಮಗು ಕೇಳಬೇಕಾದ ಪ್ರಶ್ನೆಯನ್ನೆಲ್ಲ ಅವನೇ ಕೇಳ್ತಾನೆ. ಹಾಗಂತ ದಡ್ಡನ ಥರ ತೋರಿಸಬೇಡಿ. 1801ರ ಮೇ 6ರಂದು ಬಾರ್ಸಿಲೋನಾ ಬಳಿ ನಡೆದಿದ್ದು ನೋಡಿ. ಥಾಮಸ್ ಕಾಕ್ರೇನ್ ಅನ್ನೋ ಬ್ರಿಟಿಷ್ ಕಪ್ತಾನನ ‘ಸ್ಪೀಡಿ’ ಪುಟ್ಟ ಹಡಗು, 14 ತೋಪು, ಅವೂ 4 ಪೌಂಡಿನವು. ಒಂದು ಪಕ್ಕದ ಏಳು ಗುಂಡನ್ನೂ ಸೇರಿಸಿದರೆ 28 ಪೌಂಡು, ಅಂದರೆ 13 ಕಿಲೋಗೂ ಕಮ್ಮಿ. ಎದುರಿಗೆ ಸ್ಪೇನಿನ ‘ಗಾಮೋ’, 32 ತೋಪು, 319 ಜನ. ಸ್ಪೀಡಿಯಲ್ಲಿ 54 ಜನ. ಕಾಕ್ರೇನ್ ದೂರ ನಿಲ್ಲದೆ ಶತ್ರುವಿನ ಮಗ್ಗುಲಿಗೇ ಹೋಗಿ ಅಂಟಿಕೊಂಡ. ಎತ್ತರದ ಹಡಗಿನ ಗುಂಡುಗಳು ಸ್ಪೀಡಿಯ ತಲೆ ಮೇಲೆ ಹಾದುಹೋದವು. ಆಮೇಲೆ ಇದ್ದಬದ್ದವರೆಲ್ಲ ಗಾಮೋ ಹತ್ತಿದರು. ಆಗ ಸ್ಪೀಡಿಯ ಚುಕ್ಕಾಣಿ ಹಿಡಿದು ನಿಂತಿದ್ದು ಯಾರು ಗೊತ್ತಾ? ಹಡಗಿನ ವೈದ್ಯ ಗತ್ರಿ. ಗಾಮೋ ಸೆರೆಯಾಯಿತು. ನಿಮ್ಮ ವೈದ್ಯ ನಾಲ್ಕು ಕಂತು ಪ್ರಶ್ನೆ ಕೇಳಿ ಕಲಿತದ್ದು ಇಂಥ ಒಂದು ಗಳಿಗೆಗೆ ಬೇಕಾಗಲಿ.

ಮಧುಗಿರಿ ಬೆಟ್ಟದಡಿ:

ಪಂಕ್ತಿಯ ದೃಶ್ಯ ಖಂಡಿತ ಸೇರಿಸ್ತೀನಿ ಸರ್. ಎರಡು ಅನುಮಾನ. ಉಗ್ರಾಣದವನನ್ನ ಕಳ್ಳ ಅಂತ ಮಾಡಿ ಅವನೇ ಖಳ ಅಂತ ಇಟ್ಟಿದೀನಿ, ಸರಿಯಾ? ಮತ್ತೆ ಹಡಗಿನಲ್ಲಿ ನಮ್ಮ ಜನ ಯಾರೂ ಇಲ್ಲವಲ್ಲ ಅಂತ ಒಬ್ಬ ಹುಡುಗಿ ಕೇಳಿದಳು.

ಚಿಂತಾಮಣಿ ಲೆಕ್ಕದ ಪುಸ್ತಕ:

ಉಗ್ರಾಣದವನು, ಅಂದರೆ ಪರ್ಸರ್, ಕಳ್ಳ ಅನ್ನೋದು ಸವೆದ ದಾರಿ. ಅವನ ಲೆಕ್ಕ ತಿಳಿದರೆ ಒಳ್ಳೆ ಮನುಷ್ಯ ಸಿಗ್ತಾನೆ. ಆ ಕೆಲಸಕ್ಕೆ ಸೇರೋವಾಗಲೇ ಅವನು ಜಾಮೀನು ಬರೆದುಕೊಡಬೇಕಿತ್ತು, ಸಂಬಳ ಅಲ್ಪ. ಬಿಸ್ಕತ್ತಿಗೆ ಹುಳ ಬಿದ್ದು, ಪೀಪಾಯಿ ಸೋರಿ ಆಗೋ ನಷ್ಟ ಅವನ ತಲೆ ಮೇಲೆ ಬರ್ತಿತ್ತು. ಅದನ್ನ ತುಂಬಿಕೊಳ್ಳಲಿ ಅಂತಲೇ ನಾವಿಕನಿಗೆ ಕೊಡೋ ಪೌಂಡು 16 ಔನ್ಸಿನ ಬದಲು 14 ಔನ್ಸು. ಎಂಟರಲ್ಲಿ ಒಂದು ಪಾಲು ಕೈಬಿಟ್ಟಂತೆ. ತಕ್ಕಡಿ ಮುಂದೆ ನಿಂತ ನಾವಿಕನಿಗೆ ಜಾಮೀನು ಪತ್ರ ಕಾಣಲ್ಲ, ಹಗುರಾದ ತಟ್ಟೆ ಕಾಣುತ್ತೆ. 1797ರಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್‌ನಲ್ಲಿ ನೌಕಾಪಡೆಯ ನಾವಿಕರು ಕೆಲಸ ನಿಲ್ಲಿಸಿದಾಗ ಸಂಬಳದ ಜತೆ ಪೂರ್ತಿ 16 ಔನ್ಸು ಕೊಡಿ ಅಂತ ಕೇಳಿದ್ದು ಇದಕ್ಕೇ. ಖಳ ಬೇಡ, ಸಾಲಕ್ಕೆ ಹೆದರಿದ ಮನುಷ್ಯ ಅಂತ ಬರೀರಿ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಮುಂದೆ ನಿಂತು ಗೊತ್ತಿರೋ ಮನೆಯ ಮಕ್ಕಳಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಅಡುಗೆಯವನ ವಿಷಯ ಚಿಕ್ಕದು. ಆ ಕೆಲಸ ಹೆಚ್ಚಾಗಿ ಕೈಯೋ ಕಾಲೋ ಕಳೆದುಕೊಂಡ ಹಳೆ ನಾವಿಕನಿಗೆ ಸಿಗ್ತಿತ್ತು. ಮಾಂಸ ಬೇಯಿಸಿದ ಹಂಡೆಯ ಮೇಲೆ ತೇಲೋ ಕೊಬ್ಬು ಅವನ ಮೇಲಾದಾಯ, ಮೇಣದಬತ್ತಿ ಮಾಡೋರಿಗೆ ಮಾರ್ತಿದ್ದ. ಯುದ್ಧಕ್ಕೆ ಅಣಿಯಾಗಿ ಅಂತ ಡೋಲು ಬಡಿದ ಕೂಡಲೇ ಒಲೆ ಆರಿಸಲೇಬೇಕು. ಯುದ್ಧದ ನಡುವೆ ಅವನು ಬಿಸಿ ಸಾರು ಹಂಚಿದ ಅಂತ ಮಾತ್ರ ಬರೀಬೇಡಿ.

ತಿಪಟೂರು ನಾರು:

ಆ ಹುಡುಗಿ ಕೇಳಿದ್ದು ಅತ್ಯಂತ ಸರಿಯಾದ ಪ್ರಶ್ನೆ. ಹಡಗನ್ನ ಇಂಗ್ಲೆಂಡಿನ ರಾಜನ ನೌಕಾಪಡೆಯದ್ದು ಅಂತ ಇಡೋ ಬದಲು ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ನೌಕಾಪಡೆ ಬೊಂಬಾಯಿ ಮರೀನ್‌ಗೆ ಸೇರಿಸಿ, ಅಲ್ಲಿ ನಮ್ಮ ಕರಾವಳಿಯ ಖಲಾಸಿಗಳು, ಅಂದರೆ ನಮ್ಮ ನಾವಿಕರು, ಬೇಕಾದಷ್ಟು ಸಿಗ್ತಾರೆ. ಹಡಗಿನ ಗಾತ್ರ ಒಂದಿಷ್ಟು ಇಳಿಸಬೇಕಾಗುತ್ತೆ, ಅದು ಒಳ್ಳೆಯದೇ. ಖಲಾಸಿಗಳ ಮುಖ್ಯಸ್ಥ ಸಾರಂಗ, ಅವನ ಕೈಕೆಳಗೆ ತಂಡೇಲ, ಚುಕ್ಕಾಣಿಗೆ ಸುಕ್ಕಾನಿ, ಒಲೆಗೆ ಭಂಡಾರಿ. ನಮ್ಮ ‘ಚುಕ್ಕಾಣಿ’ ಮತ್ತು ಆ ‘ಸುಕ್ಕಾನಿ’ ಒಂದೇ ಅರಬ್ಬಿ ಪದದ ಮಕ್ಕಳು. ಇಲ್ಲಿ ಸಾರಂಗ ಅಂದರೆ ಜಿಂಕೆ ಅಲ್ಲ ಅಂತ ಕಥೆಯೊಳಗೇ ಒಂದು ಕಡೆ ಬರಲಿ, ಮಕ್ಕಳು ಕೇಳೇ ಕೇಳ್ತಾರೆ.

ಸಾರಂಗ ಅಂದರೆ ಬರೀ ಮೇಸ್ತ್ರಿ ಅಲ್ಲ. ಆಳು ಕರೆತರೋನು ಅವನೇ, ಮುಂಗಡ ಕೊಡೋನು ಅವನೇ, ಸಂಬಳ ಹಂಚೋನೂ ಅವನೇ. ಕಪ್ತಾನನ ಆಜ್ಞೆ ಅವನ ಬಾಯಿಂದ ಬಂದರೆ ಮಾತ್ರ ಖಲಾಸಿಗಳ ಕೈ ಏಳುತ್ತೆ. ಬಿರುಗಾಳಿಯಲ್ಲಿ ತಪ್ಪು ಆಜ್ಞೆ ಬಂದಾಗ ಅವನು ಎರಡು ಉಸಿರು ಸುಮ್ಮನಿದ್ದರೆ ಅದೇ ಒಂದು ಅಧ್ಯಾಯ. ನಿಮ್ಮ ಆರು ಜನರಲ್ಲಿ ಕಪ್ತಾನನಿಗೆ ಸರಿಸಾಟಿ ಇವನೇ.

ಹಗ್ಗದ ಬಗ್ಗೆ ಒಂದು ಮಾತು. ಯುರೋಪಿನ ಹಡಗಿನ ಹಗ್ಗ ಸೆಣಬಿನ ಜಾತಿಯದ್ದು, ಟಾರು ಬಳಿಯದಿದ್ದರೆ ಕೊಳೆಯುತ್ತೆ. ನಮ್ಮದು ತೆಂಗಿನ ನಾರು, ನೀರಲ್ಲಿ ತೇಲುತ್ತೆ, ಎಳೆತಕ್ಕೆ ಹಿಗ್ಗುತ್ತೆ. ಲಂಗರು ಹಾಕಿದ ಹಡಗನ್ನ ಅಲೆ ಜಗ್ಗಿದಾಗ ಆ ಹಿಗ್ಗೋ ಗುಣವೇ ಹಗ್ಗವನ್ನ ಉಳಿಸುತ್ತೆ. ಕೂವೆಮರ ಬಿಗಿಯೋ ಕಡೆ ಅದೇ ಗುಣ ದೋಷ, ಮರ ಓಲಾಡುತ್ತೆ. ತಂಡೇಲನಿಗೂ ಬೋಸನ್‌ಗೂ ಜಗಳ ಹಚ್ಚೋಕೆ ಇಷ್ಟು ಸಾಕು, ಇಬ್ಬರೂ ಅರ್ಧ ಸರಿ. ತಿಪಟೂರು, ತುರುವೇಕೆರೆ ಕಡೆ ಮಕ್ಕಳಿಗೆ ನಾರಿನ ಹಗ್ಗ ಅಂಗೈಯಲ್ಲಿ ಉಜ್ಜಿದರೆ ಹೇಗಿರುತ್ತೆ ಅಂತ ಹೇಳಿಕೊಡಬೇಕಿಲ್ಲ.

ಕಾಲವನ್ನೂ ಸರಿ ಮಾಡಿಕೊಳ್ಳಿ. ಜೂನ್‌ನಿಂದ ಮಳೆಗಾಳಿ ಶುರುವಾದರೆ ಈ ಕರಾವಳಿಯಲ್ಲಿ ಹಾಯಿ ಬಿಚ್ಚೋರಿಲ್ಲ. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೇ ಮತ್ತೆ ಯಾನ. ನಿಮ್ಮ ಮೂರನೇ ಕಂತಿನ ಯುದ್ಧ ಜುಲೈನಲ್ಲಿದ್ದರೆ ಜನವರಿಗೆ ಹಾಕಿ.

ಕೋಲಾರದ ಪಾಳಿ:

ಕಡಲು ಕಾಣದ ಮಕ್ಕಳ ವಿಷಯ ಉಳೀತು. ಹೂವಿನ ಮಾರು ಎಲ್ಲ ಮಕ್ಕಳಿಗೂ ಗೊತ್ತು, ಎರಡು ಕೈ ಚಾಚಿದಷ್ಟು. ನಾವಿಕರು ನೀರಿನ ಆಳ ಅಳೆಯೋದೂ ಅದೇ ಅಳತೆಯಲ್ಲಿ, ಒಂದು ಮಾರಿಗೆ 6 ಅಡಿ. ಆರನೇ ಪಾತ್ರ ಆಳ ನೋಡೋನೇ ಆಗಲಿ. ಅವನು ಹಡಗಿನ ಮಗ್ಗುಲಲ್ಲಿ ಹೊರಗೆ ಬಾಗಿ ನಿಂತು, 7 ಪೌಂಡಿನ ಸೀಸದ ಗುಂಡು ಕಟ್ಟಿದ ಹಗ್ಗ ಬೀಸಿ ಮುಂದಕ್ಕೆ ಎಸೀತಾನೆ. ಹಡಗು ಅದರ ನೇರಕ್ಕೆ ಬರೋ ಹೊತ್ತಿಗೆ ಗುಂಡು ತಳ ಮುಟ್ಟಿರಬೇಕು. ತಡವಾದರೆ ಹಗ್ಗ ಓರೆಯಾಗಿ ಆಳ ಹೆಚ್ಚು ತೋರಿಸುತ್ತೆ, ಹಡಗು ಮರಳಿಗೆ ಬಡಿಯುತ್ತೆ. ಗುಂಡಿನ ತಳದ ಗುಳಿಯಲ್ಲಿ ಕೊಬ್ಬು ಮೆತ್ತಿರ್ತಾರೆ, ಮೇಲೆ ಬಂದಾಗ ಮರಳೋ ಕೆಸರೋ ಚಿಪ್ಪೋ ಅಂಟಿರುತ್ತೆ.

ತರಗತಿಗೆ ಒಂದು ಹಗ್ಗ ತಗೊಂಡು ಹೋಗಿ. ಎರಡನೇ ಮಾರಿಗೆ ಎರಡು ಸೀಳಿನ ಚರ್ಮ, ಮೂರಕ್ಕೆ ಮೂರು ಸೀಳು, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು, ಹತ್ತಕ್ಕೆ ತೂತು ಕೊರೆದ ಚರ್ಮ, ಹದಿಮೂರಕ್ಕೆ ನೀಲಿ ಕಟ್ಟಿ. ಮೂರು ಬಣ್ಣಕ್ಕೂ ಬೇರೆ ಬೇರೆ ನೇಯ್ಗೆಯ ಬಟ್ಟೆಯೇ ಇರಬೇಕು. ಕತ್ತಲಲ್ಲಿ ಬಣ್ಣ ಕಾಣಲ್ಲ, ಚಳಿಗೆ ಮರಗಟ್ಟಿದ ಬೆರಳಿಗೆ ನೇಯ್ಗೆಯೂ ತಿಳಿಯಲ್ಲ. ಆಗ ಅವನು ಒದ್ದೆ ಬಟ್ಟೆಯನ್ನ ತುಟಿಗೆ ತಾಗಿಸಿ ನೋಡಿ ಕೂಗ್ತಾನೆ. ಮಕ್ಕಳಿಗೆ ಕಣ್ಣು ಮುಚ್ಚಿಸಿ ಹಗ್ಗ ಕೈಗೆ ಕೊಡಿ, ಎಷ್ಟು ಮಾರು ಅಂತ ಅವರೇ ಕೂಗಲಿ.